ಚಾವಡಿಗೊಂದು ಒರಿಜಿನಲ್ ಚಿತ್ರ: ಆಟಿಯ ಮಳೆ ಸುರಿಯುವ ನಮ್ಮೂರಿನವರು ಕೊಳ್ಳುವುದು ಹೇಗೆ?

ನಮ್ಮ ಕಾಸರಗೋಡು ಕಡೆ ಮನೆ ಕಟ್ಟಿಸುವವರು ಟೈಲ್ಸಿಗೆ, ಗೇಟಿಗೆ, ಅಡುಗೆಮನೆಯ ಕಪಾಟಿಗೆ ಎಷ್ಟು ಓಡಾಡುತ್ತಾರೆ ನೋಡಿ. ಮನೆ ಒಕ್ಕಲಿಗೆ ನಾಲ್ಕು ದಿನ ಇದೆ ಅನ್ನುವಾಗ ಚಾವಡಿಯ ದೊಡ್ಡ ಗೋಡೆ ಖಾಲಿ ಇರುವುದು ಕಣ್ಣಿಗೆ ಬೀಳುತ್ತದೆ. ಪೇಟೆಗೆ ಹೋಗಿ ಓಡುವ ಏಳು ಕುದುರೆಗಳ ಪ್ರಿಂಟ್ ತಂದು ತೂಗುಹಾಕುತ್ತಾರೆ. ಅದೇ ಪ್ರಿಂಟ್ ಪಕ್ಕದ ಮನೆಯಲ್ಲೂ ಇರುತ್ತದೆ, ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲೂ ಇರುತ್ತದೆ.

ಫ್ರೇಮು ಹಾಕಿದ ದೊಡ್ಡ ಪ್ರಿಂಟಿಗೆ ಮೂರು ನಾಲ್ಕು ಸಾವಿರ ಕೊಡುತ್ತೇವೆ. ಅದೇ ಹಣಕ್ಕೆ ಒಬ್ಬರು ಕೂತು, ಕೈಯಾರೆ ಬಿಡಿಸಿದ ಸಣ್ಣ ಚಿತ್ರ ಸಿಗುತ್ತದೆ. ಸೈಜು ಸಣ್ಣದು, ಅಷ್ಟೇ. ಒರಿಜಿನಲ್ ಅಂದರೆ ಲಕ್ಷಗಟ್ಟಲೆ ಅಂತ ನಾನೂ ತುಂಬ ವರ್ಷ ಅಂದುಕೊಂಡಿದ್ದೆ. ಈಗ ನಮ್ಮ ಮನೆಯಲ್ಲಿ ಐದು ಇವೆ, ಒಂದೂ ಹತ್ತು ಸಾವಿರ ದಾಟಿಲ್ಲ. ಐದನ್ನು ಕೊಳ್ಳುವಾಗ ಕಲಿತದ್ದು, ಒಂದನ್ನು ಹಾಳುಮಾಡಿಕೊಂಡು ಕಲಿತದ್ದು ಎಲ್ಲವನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಗೋಡೆ ನೋಡಿ

ಚಿತ್ರ ಕೊಳ್ಳುವ ಬಗ್ಗೆ ಓದಿದರೆ ಹೆಚ್ಚಿನ ಕಡೆ ಸೋಫಾದ ಬಣ್ಣಕ್ಕೆ ಹೊಂದಿಸುವ ಮಾತೇ ಮೊದಲು ಬರುತ್ತದೆ. ನಮ್ಮಲ್ಲಿ ಅದಕ್ಕಿಂತ ಮುಂಚೆ ನೋಡಬೇಕಾದ್ದು ಪಸೆ. ವರ್ಷಕ್ಕೆ 3,000 ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುವ ಊರು ಇದು, ಅದರಲ್ಲಿ ಹೆಚ್ಚಿನದೆಲ್ಲ ಜೂನಿನಿಂದ ಸೆಪ್ಟೆಂಬರಿನೊಳಗೆ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗೋಡೆ ನೀರು ಕುಡಿಯುತ್ತದೆ. ಹೊರಗೆ ಗಾರೆ ಬಿರುಕು ಬಿಟ್ಟಿದ್ದರೆ ಒಳಗಿನ ಪೇಂಟು ಉಬ್ಬುತ್ತದೆ, ಅದರ ಮೇಲೆ ಬಿಳಿ ಉಪ್ಪಿನ ಹುಡಿ ಕಾಣಿಸಿಕೊಳ್ಳುತ್ತದೆ.

ಮಳೆಗಾಳಿ ನಮಗೆ ಪಡುವಣ ಕಡೆಯಿಂದ, ನೈಋತ್ಯದಿಂದ ಬರುತ್ತದೆ. ಹಾಗಾಗಿ ಎರಚಲು ಹೊಡೆಯುವ ಆ ಕಡೆಯ ಹೊರಗೋಡೆ ಚಿತ್ರಕ್ಕೆ ಎಲ್ಲಕ್ಕಿಂತ ಕೆಟ್ಟ ಜಾಗ. ಎರಡೂ ಬದಿಗೆ ಕೋಣೆಗಳಿರುವ ಮಧ್ಯದ ಗೋಡೆ ಎಲ್ಲಕ್ಕಿಂತ ಒಳ್ಳೆಯದು. ಆಟಿ ತಿಂಗಳಲ್ಲಿ (ತುಳುವರ ಮಳೆಗಾಲದ ತಿಂಗಳು, ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ), ಎರಡು ಮೂರು ದಿನ ಜಡಿಮಳೆ ಹಿಡಿದಾಗ, ಮನೆಯ ಒಂದೊಂದು ಗೋಡೆಗೂ ಅಂಗೈ ಒತ್ತಿ ನೋಡಿ. ಯಾವ ಗೋಡೆ ತಣ್ಣಗೆ, ಅಂಟಂಟಾಗಿ ಅನಿಸುತ್ತದೆಯೋ ಅದನ್ನು ಲೆಕ್ಕದಿಂದ ತೆಗೆದುಬಿಡಿ. ಕೋಣೆಯ ತೇವಾಂಶ ತೋರಿಸುವ ಸಣ್ಣ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. 65, 70 ಶೇಕಡಾ ದಾಟಿ ವಾರಗಟ್ಟಲೆ ನಿಂತರೆ ಕಾಗದಕ್ಕೆ ಬೂಷ್ಟು ಬರುವ ಸಾಧ್ಯತೆ ಜಾಸ್ತಿ. ಮಳೆಗಾಲದಲ್ಲಿ ನಮ್ಮ ಮನೆಗಳು ಅದನ್ನು ದಾಟುತ್ತವೆ, ಹಾಗಂತ ಚಿತ್ರವೇ ಬೇಡ ಅಂತ ಅಲ್ಲ. ಎಲ್ಲಿ ಯಾವುದು ಇರಬೇಕು ಅಂತ ಮೊದಲೇ ಗೊತ್ತಿರಬೇಕು.

ಬಿಸಿಲಿನದೂ ಇದೇ ಕಥೆ. ಮಾರ್ಚ್ ತಿಂಗಳ ಸಂಜೆ ಬಿಸಿಲು ನೇರ ಬೀಳುವ ಕಡೆ ಜಲವರ್ಣದ ಗುಲಾಬಿ, ನೇರಳೆ ಬಣ್ಣಗಳು ಬೇಗ ಮಾಸುತ್ತವೆ. ದೇವರ ಕೋಣೆಯ ಎದುರು ದೀಪದ ಮಸಿ, ಊದುಬತ್ತಿಯ ಹೊಗೆ ದಿನಾ ಕೂರುತ್ತದೆ.

ಗೋಡೆ ಆಯ್ಕೆಯಾದ ಮೇಲೆ ಅಳತೆ ತೆಗೆಯಿರಿ. ಹಳೆ ಪೇಪರನ್ನು ಕತ್ತರಿಸಿ ಟೇಪಿನಲ್ಲಿ ಅಂಟಿಸಿ ಎರಡು ದಿನ ಬಿಟ್ಟು ನೋಡಿ. ಕೆಳಗೆ ಸೋಫಾ ಅಥವಾ ಮಂಚ ಇದ್ದರೆ ಅದರ ಅಗಲದ ಮೂರರಲ್ಲಿ ಎರಡು ಪಾಲು ಚಿತ್ರ ಇದ್ದರೆ ಕಣ್ಣಿಗೆ ಹಿತ. ಅಷ್ಟು ದೊಡ್ಡದಕ್ಕೆ ಹಣ ಇಲ್ಲದಿದ್ದರೆ ಮೂರು ಸಣ್ಣ ಚಿತ್ರ ಒಟ್ಟಿಗೆ ಹಾಕಬಹುದು, ಒಂದೇ ಸಲ ಮೂರೂ ತರಬೇಕು ಅಂತಲೂ ಇಲ್ಲ.

ಕೊಳ್ಳುವ ಮುಂಚೆ ಒಂದಿಷ್ಟು ತಿಂಗಳು ಸುಮ್ನೆ ನೋಡಿ

ಇದನ್ನು ಯಾರೂ ಹೇಳಿಕೊಡುವುದಿಲ್ಲ. ಸೀರೆ ಅಂಗಡಿಗೆ ಹೋದರೆ ನಮ್ಮ ಅಮ್ಮಂದಿರು ಬಟ್ಟೆಯ ಅಂಚು ಮುಟ್ಟಿ ನೂಲು ಯಾವುದು ಅಂತ ಹೇಳುತ್ತಾರೆ ಅಲ್ವಾ, ಆ ತಿಳಿವಳಿಕೆ ಎಷ್ಟೋ ಸೀರೆ ಮುಟ್ಟಿ ಬಂದದ್ದು. ಚಿತ್ರಕ್ಕೂ ಹಾಗೇ ಕಣ್ಣು ಪಳಗಬೇಕು.

ಮಂಗಳೂರಿಗೆ ಹೇಗೂ ಹೋಗುತ್ತೇವೆ, ಆಸ್ಪತ್ರೆಗೋ, ಕಾಲೇಜಿಗೋ, ಜವಳಿಗೋ. ಒಂದು ಗಂಟೆ ಉಳಿಸಿಕೊಂಡು ಸಂತ ಅಲೋಶಿಯಸ್ ಚಾಪೆಲ್‌ಗೆ ಹೋಗಿ. ಇಟಲಿಯ ಅಂಟೋನಿಯೊ ಮೊಸ್ಕೇನಿ 1899ರಿಂದ 1901ರ ನಡುವೆ ಅಲ್ಲಿನ ಗೋಡೆ, ಮಾಡು ಎಲ್ಲವನ್ನೂ ಚಿತ್ರಗಳಿಂದ ತುಂಬಿಸಿದ್ದಾರೆ. ಒದ್ದೆ ಗಾರೆಯ ಮೇಲೆ ಬಿಡಿಸಿದ ಫ್ರೆಸ್ಕೊ ಹೇಗೆ ಮಂಕಾಗಿ, ಮೃದುವಾಗಿ ಕಾಣುತ್ತದೆ, ತೈಲವರ್ಣ ಹೇಗೆ ಹೊಳೆಯುತ್ತದೆ ಅಂತ ಒಂದೇ ಕಡೆ ನಿಂತು ಹೋಲಿಸಬಹುದು. ಬಲ್ಲಾಳಬಾಗಿನಲ್ಲಿ ಪ್ರಸಾದ್ ಆರ್ಟ್ ಗ್ಯಾಲರಿ ಇದೆ, ಕೊಡಿಯಾಲಗುತ್ತಿನ ಹಳೆ ಮನೆಯಲ್ಲಿ ಪರಂಪರೆ ಉಳಿಸುವ ಕೆಲಸ ಮಾಡುವ ಇಂಟ್ಯಾಕ್ ಸಂಸ್ಥೆಯವರ ಕಲಾ ಕೇಂದ್ರ ಇದೆ, ಎರಡರಲ್ಲೂ ಆಗಾಗ ಪ್ರದರ್ಶನ ನಡೆಯುತ್ತದೆ. ತೆಂಕಣ ಕಡೆಗೆ ಹೋದರೆ ಕಾಞಂಗಾಡಿನಲ್ಲಿ ಕೇರಳ ಲಲಿತಕಲಾ ಅಕಾಡೆಮಿಯ ಗ್ಯಾಲರಿ, ಕೋಝಿಕ್ಕೋಡಿನಲ್ಲಿ ಇನ್ನೊಂದು. ಒಳಗೆ ಹೋಗಲು ದುಡ್ಡು ಕೇಳುವುದಿಲ್ಲ, ಕೊಳ್ಳಲೇಬೇಕು ಅಂತ ಯಾರೂ ಒತ್ತಾಯ ಮಾಡುವುದಿಲ್ಲ. ಬಾಗಿಲಲ್ಲಿ ನಿಂತು ಹಿಂಜರಿಯಬೇಡಿ.

ದೂರ ಹೋಗಲಾಗದವರು ಮಧೂರು ದೇವಸ್ಥಾನದ ಮರದ ಕೆತ್ತನೆಗಳ ಮುಂದೆ ಹತ್ತು ನಿಮಿಷ ನಿಲ್ಲಿ. ಪಾಲಕ್ಕಾಡು ಹತ್ತಿರದ ಮಲಂಪುಳ ಅಣೆಕಟ್ಟಿನ ತೋಟದಲ್ಲಿರುವ ದೊಡ್ಡ ಯಕ್ಷಿ ಶಿಲ್ಪವನ್ನು ಮಾಡಿದ ಕಾನಾಯಿ ಕುಞಿರಾಮನ್ ನಮ್ಮ ಜಿಲ್ಲೆಯ ಚೆರುವತ್ತೂರು ಕಡೆಯವರು. ಅದು ಮುಗಿದದ್ದು 1969ರಲ್ಲಿ. ಕಲೆ ಬೆಂಗಳೂರು ಮುಂಬಯಿಯವರದ್ದು ಅಂತ ಅನಿಸಿದಾಗೆಲ್ಲ ನಾನು ಇದನ್ನು ನೆನಪಿಸಿಕೊಳ್ಳುತ್ತೇನೆ.

ನೋಡುವಾಗ ಒಂದು ಅಭ್ಯಾಸ ಮಾಡಿಕೊಳ್ಳಿ. ಮನಸ್ಸಿಗೆ ಹಿಡಿಸಿದ ಚಿತ್ರದ ಹೆಸರು, ಕಲಾವಿದರ ಹೆಸರು, ಸೈಜು, ಮಾಧ್ಯಮ (ಯಾವ ಬಣ್ಣ, ಯಾವುದರ ಮೇಲೆ ಬಿಡಿಸಿದ್ದು), ಬೆಲೆ ಇಷ್ಟನ್ನು ಫೋನಿನಲ್ಲಿ ಬರೆದುಕೊಳ್ಳಿ. ಇಪ್ಪತ್ತು ಮೂವತ್ತು ಆಗುವ ಹೊತ್ತಿಗೆ ನಿಮಗೆ ಯಾವುದು ಇಷ್ಟ ಅಂತ ನಿಮಗೇ ಗೊತ್ತಾಗುತ್ತದೆ, ಬೆಲೆಯ ಅಂದಾಜೂ ಸಿಗುತ್ತದೆ.

ಎಲ್ಲಿ ಕೊಳ್ಳುವುದು?

ನನ್ನ ಮಟ್ಟಿಗೆ ಉತ್ತರ ಒಂದೇ: ಸಾಧ್ಯವಾದಷ್ಟು ಬಿಡಿಸಿದವರ ಕೈಯಿಂದಲೇ. ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು ಪ್ರತಿ ಜನವರಿಯಲ್ಲಿ ಒಂದು ಭಾನುವಾರ ಚಿತ್ರಸಂತೆ ಮಾಡುತ್ತದೆ. ರಸ್ತೆಯ ಎರಡೂ ಬದಿಗೆ ಕಲಾವಿದರು ತಮ್ಮ ಚಿತ್ರ ಇಟ್ಟುಕೊಂಡು ಕೂತಿರುತ್ತಾರೆ, ನೂರಾರು ರೂಪಾಯಿಯಿಂದ ಲಕ್ಷದವರೆಗೆ. ಬೆಳಗ್ಗೆ ಎಂಟೂವರೆಗೇ ಹೋಗಿ, ಹನ್ನೊಂದರ ಮೇಲೆ ಕಾಲಿಡಲು ಜಾಗ ಇರುವುದಿಲ್ಲ. ಮೊದಲ ಸುತ್ತಿನಲ್ಲಿ ಏನೂ ಕೊಳ್ಳಬೇಡಿ, ಬರೀ ನೋಡಿ. ಎರಡನೇ ಸುತ್ತಿನಲ್ಲಿ ಯಾವ ಚಿತ್ರ ಇನ್ನೂ ನೆನಪಿದೆಯೋ ಅದರ ಹತ್ತಿರ ಹೋಗಿ ಮಾತಾಡಿಸಿ.

ಕಲಾ ಕಾಲೇಜುಗಳ ವಾರ್ಷಿಕ ಪ್ರದರ್ಶನಗಳೂ ಒಳ್ಳೆಯ ಜಾಗ. ಮಂಗಳೂರಿನಲ್ಲಿ ಮಹಾಲಸಾ ಚಿತ್ರಕಲಾ ಕಾಲೇಜು ಇದೆ. ಓದುವ ಮಕ್ಕಳ ಕೆಲಸ ಕಡಿಮೆ ಬೆಲೆಗೆ ಸಿಗುತ್ತದೆ, ಅವರಿಗೆ ಅದೇ ಮೊದಲ ಸಂಪಾದನೆ ಆಗಿರಬಹುದು. ಅಂಥವರ ಹತ್ತಿರ ಚೌಕಾಸಿ ಮಾಡಬೇಡಿ, ದಯವಿಟ್ಟು.

ಇನ್ನು ನಮ್ಮೂರುಗಳಲ್ಲೇ ರಿಟೈರ್ಡ್ ಡ್ರಾಯಿಂಗ್ ಮಾಷ್ಟ್ರುಗಳು ಎಷ್ಟು ಮಂದಿ ಇದ್ದಾರೆ ಗೊತ್ತಾ? ನಾನು ಎರಡನೇ ಚಿತ್ರ ಕೊಂಡದ್ದು ಅಂಥ ಒಬ್ಬರಿಂದ. ಮಾಡಿನ ಕೆಳಗಿನ ಸಣ್ಣ ಅಟ್ಟದಲ್ಲಿ, ಅಡಿಕೆ ಗೋಣಿಗಳ ಪಕ್ಕದಲ್ಲಿ ನಲವತ್ತು ಚಿತ್ರ ಸೀರೆ ಸುತ್ತಿ ಇಟ್ಟಿದ್ದರು. ಪಯಸ್ವಿನಿ ಹೊಳೆಯ ಒಂದು ಬೆಳಗಿನ ಚಿತ್ರ ನನ್ನನ್ನು ಹಿಡಿದು ನಿಲ್ಲಿಸಿತು. "ಮಾಷ್ಟ್ರೇ, ಇದನ್ನು ಕೊಡ್ತೀರಾ? ಎಷ್ಟು?" ಅಂತ ಕೇಳಿದೆ. ಅವರು ಬೆಲೆ ಹೇಳಲಿಲ್ಲ. "ಇವತ್ತು ತೆಗೊಳ್ಬೇಡಿ. ಫೋಟೋ ಹೊಡ್ಕೊಂಡು ಹೋಗಿ, ಒಂದು ವಾರ ನೋಡಿ. ಮತ್ತೂ ಬೇಕು ಅನಿಸಿದ್ರೆ ಬನ್ನಿ, ಚಾಯ ಕುಡ್ಕೊಂಡು ಮಾತಾಡುವ" ಅಂದರು. ವಾರ ಬಿಟ್ಟು ಹೋದೆ. ಆಮೇಲೆ ಎಲ್ಲ ಚಿತ್ರಕ್ಕೂ ಆ ಒಂದು ವಾರದ ನಿಯಮ ಇಟ್ಟುಕೊಂಡಿದ್ದೇನೆ, ಚಿತ್ರಸಂತೆಯಲ್ಲಿ ಮಾತ್ರ ಅದು ಆಗುವುದಿಲ್ಲ.

ಆನ್‌ಲೈನಿನಲ್ಲಿ ಕೊಳ್ಳಬಹುದು, ಆದರೆ ಹಗಲು ಬೆಳಕಿನಲ್ಲಿ ತೆಗೆದ ಫೋಟೋ, ಹಿಂಬದಿಯ ಫೋಟೋ, ಕೋನದಿಂದ ತೆಗೆದ ಒಂದು ವೀಡಿಯೋ ಕೇಳಿ ತರಿಸಿಕೊಳ್ಳಿ. ವಾಪಸ್ ತಗೊಳ್ಳುತ್ತಾರಾ ಅಂತ ಬರಹದಲ್ಲಿ ಇರಲಿ.

ಅದು ನಿಜಕ್ಕೂ ಕೈಯಲ್ಲಿ ಬಿಡಿಸಿದ್ದಾ?

ಇಲ್ಲಿ ನಿಧಾನ ಮಾಡಿ. "ಹ್ಯಾಂಡ್‌ಮೇಡ್" ಅಂತ ಬರೆದು ಪ್ರಿಂಟ್ ಮಾರುವವರು ಬೇಕಾದಷ್ಟು ಮಂದಿ.

ಒಂದು ಭೂತಗನ್ನಡಿ ಜೇಬಿನಲ್ಲಿ ಇರಲಿ, ಫೋನಿನ ಟಾರ್ಚ್ ಹೇಗೂ ಇರುತ್ತದೆ. ಟಾರ್ಚನ್ನು ಚಿತ್ರದ ಎದುರಿನಿಂದ ಹಿಡಿಯಬೇಡಿ, ಬದಿಯಿಂದ, ಮೇಲ್ಮೈಗೆ ತಾಗಿಸಿದ ಹಾಗೆ ಹಿಡಿಯಿರಿ. ತೈಲವರ್ಣ ಅಥವಾ ಅಕ್ರಿಲಿಕ್ (ನೀರಿನಲ್ಲಿ ಕಲಸುವ, ಬೇಗ ಒಣಗುವ ಪ್ಲಾಸ್ಟಿಕ್ ಜಾತಿಯ ಬಣ್ಣ) ಆದರೆ ಬ್ರಷ್ಷಿನ ಗೆರೆಗಳು ಸಣ್ಣ ಸಣ್ಣ ಏರುತಗ್ಗಾಗಿ ನೆರಳು ಬೀಳಿಸುತ್ತವೆ. ಈಗ ಕ್ಯಾನ್ವಾಸ್ ಮೇಲೆ ಪ್ರಿಂಟ್ ತೆಗೆದು, ಅದರ ಮೇಲೆ ಪಾರದರ್ಶಕ ಜೆಲ್ ಬಳಿದು ಬ್ರಷ್ಷಿನ ಗೆರೆ ಬರಿಸುತ್ತಾರೆ. ಮುಟ್ಟಿದರೆ ಒರಿಜಿನಲ್ ಹಾಗೇ ಇರುತ್ತದೆ. ಅದನ್ನು ಹಿಡಿಯುವ ಉಪಾಯ ಸುಲಭ. ಚಿತ್ರದಲ್ಲಿ ಒಂದು ತೆಂಗಿನ ಗರಿ ಇದೆ ಅಂತ ಇಟ್ಟುಕೊಳ್ಳಿ. ಕೈಯಲ್ಲಿ ಬಿಡಿಸಿದ್ದಾದರೆ ಗರಿ ಹೋದ ದಿಕ್ಕಿನಲ್ಲೇ ಬಣ್ಣದ ಉಬ್ಬೂ ಹೋಗಿರುತ್ತದೆ, ಗರಿಯ ತುದಿಯಲ್ಲಿ ಉಬ್ಬು ತೆಳುವಾಗಿ ಮುಗಿಯುತ್ತದೆ. ಜೆಲ್ ಬಳಿದದ್ದಾದರೆ ಗರಿ ಒಂದು ಕಡೆ, ಬ್ರಷ್ಷಿನ ಗೆರೆ ಇನ್ನೊಂದು ಕಡೆ. ಆಕಾಶದಿಂದ ಶುರುವಾದ ಗೆರೆ ಮರದ ಮೇಲೂ ಹಾಗೇ ಹಾದುಹೋಗಿರುತ್ತದೆ.

ಆಮೇಲೆ ಭೂತಗನ್ನಡಿ. ಆಫ್‌ಸೆಟ್ ಪ್ರಿಂಟ್ ಆದರೆ ಚುಕ್ಕಿಗಳು ಸಾಲಾಗಿ, ರಂಗೋಲಿಯ ಹಾಗೆ ಜೋಡಿಸಿದ್ದು ಕಾಣುತ್ತವೆ. ಇಂಕ್‌ಜೆಟ್ ಆದರೆ ಹುಡಿ ಚೆಲ್ಲಿದ ಹಾಗೆ ಸಣ್ಣ ಚುಕ್ಕಿ. ಕೈಯಲ್ಲಿ ಬಿಡಿಸಿದ ಜಲವರ್ಣದಲ್ಲಿ ಚುಕ್ಕಿ ಇರುವುದಿಲ್ಲ. ಬಣ್ಣದ ಕಣಗಳು ಕಾಗದದ ಗುಳಿಗಳಲ್ಲಿ ಕೂತಿರುತ್ತವೆ, ಒಣಗಿದ ಬಣ್ಣದ ಅಂಚಿನಲ್ಲಿ ಒಂದು ಗಾಢ ಗೆರೆ ಇರುತ್ತದೆ, ಅಡಿಯಲ್ಲಿ ಎಲ್ಲಾದರೂ ಪೆನ್ಸಿಲ್ ಗೆರೆ ಇಣುಕುತ್ತದೆ. ಕೊನೆಗೆ ತಿರುಗಿಸಿ ಹಿಂಬದಿ ನೋಡಿ. ಹಿಂಬದಿ ತೋರಿಸಲು ಹಿಂದೆಮುಂದೆ ನೋಡುವವರಿಂದ ಕೊಳ್ಳುವುದು ಬೇಡ.

ಎಲ್ಲ ಪ್ರಿಂಟೂ ನಕಲಿ ಅಲ್ಲ, ಇದನ್ನೂ ತಿಳಿದುಕೊಳ್ಳಿ. ಮರದ ಹಲಗೆ, ಲಿನೋಲಿಯಂ, ಲೋಹದ ತಗಡು ಇವುಗಳಲ್ಲಿ ಕಲಾವಿದರೇ ಕೊರೆದು, ಶಾಯಿ ಹಚ್ಚಿ, ಕಾಗದಕ್ಕೆ ಒತ್ತಿ ತೆಗೆದ ಮುದ್ರಣಗಳು ಒರಿಜಿನಲ್ ಕಲಾಕೃತಿಗಳೇ. ಕೆಳಗೆ ಪೆನ್ಸಿಲಿನಲ್ಲಿ 7/25 ಅಂತ ಇದ್ದರೆ ಒಟ್ಟು 25 ಪ್ರತಿಗಳಲ್ಲಿ ಇದು ಏಳನೆಯದು. ಲೋಹದ ತಗಡಿನದ್ದಾದರೆ ಕಾಗದದಲ್ಲಿ ಚಿತ್ರದ ಸುತ್ತ ಚೌಕಾಕಾರದ ತಗ್ಗು ಬೆರಳಿಗೆ ಸಿಗುತ್ತದೆ. ಕಡಿಮೆ ಹಣದಲ್ಲಿ ಒಳ್ಳೆಯ ಕಲಾವಿದರ ಕೆಲಸ ಬೇಕಾದರೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ, ನಮ್ಮಲ್ಲಿ ತುಂಬ ಜನ ಇದನ್ನು ಗಮನಿಸುವುದೇ ಇಲ್ಲ.

ಅಜ್ಜನ ಮನೆಯ ಚಾವಡಿಯಲ್ಲಿದ್ದ ಲಕ್ಷ್ಮಿ, ಸರಸ್ವತಿ ಪಟಗಳ ಬಗ್ಗೆ ತುಂಬ ಜನ ಕೇಳುತ್ತಾರೆ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಪ್ರೆಸ್ ಶುರುಮಾಡಿ ಆ ಪಟಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿ ಮನೆಮನೆಗೆ ತಲುಪಿಸಿದರು. ನಿಮ್ಮಲ್ಲಿರುವುದು ಹೆಚ್ಚಾಗಿ ಅಂಥ ಪ್ರತಿ, ಇಲ್ಲವೇ ಅದನ್ನು ನೋಡಿ ಆಮೇಲೆ ಬಂದ ಕ್ಯಾಲೆಂಡರ್ ಪ್ರತಿ. ಹಳೆಯ ಪ್ರೆಸ್ಸಿನದ್ದೇ ಆದರೆ ಅದಕ್ಕೂ ಬೆಲೆ ಇದೆ, ಎಸೆಯಬೇಡಿ.

ಕೇರಳದ ಮ್ಯೂರಲ್ (ದೇವಸ್ಥಾನಗಳ ಭಿತ್ತಿಚಿತ್ರದ) ಶೈಲಿಯ ಚಿತ್ರ ಬೇಕು ಅನ್ನುವವರು ನಮ್ಮಲ್ಲಿ ಜಾಸ್ತಿ. ಹಳದಿ, ಕೆಂಪು, ಹಸಿರು, ಬಿಳಿ, ಕಪ್ಪು ಅಂತ ಐದು ಬಣ್ಣದ ಪದ್ಧತಿ ಅದು. 1970ರಲ್ಲಿ ಗುರುವಾಯೂರು ದೇವಸ್ಥಾನಕ್ಕೆ ಬೆಂಕಿ ಬಿದ್ದು ಹಳೆಯ ಭಿತ್ತಿಚಿತ್ರಗಳು ಹಾಳಾದವು. ಮುಂದೆ ದೇವಸ್ಥಾನದ ಆಡಳಿತ ನೋಡುವ ದೇವಸ್ವಂನವರು ಅಲ್ಲೇ ಮ್ಯೂರಲ್ ಕಲಿಸುವ ಶಾಲೆ ತೆರೆದರು. ಈಗ ಮಾರಾಟಕ್ಕೆ ಬರುವುದು ಹೆಚ್ಚಾಗಿ ಕ್ಯಾನ್ವಾಸ್ ಮೇಲಿನ ಅಕ್ರಿಲಿಕ್, ಅದರಲ್ಲಿ ತಪ್ಪೇನೂ ಇಲ್ಲ. ಹೊರಗೆರೆಯನ್ನು ಮಾತ್ರ ಹತ್ತಿರದಿಂದ ನೋಡಿ. ಪಳಗಿದ ಕೈಯ ಗೆರೆ ದಪ್ಪದಿಂದ ತೆಳುವಿಗೆ ಒಂದೇ ಉಸಿರಿನಲ್ಲಿ ಹೋಗಿರುತ್ತದೆ. ಪ್ರಿಂಟಿನ ಮೇಲೆ ತಿದ್ದಿದ ಗೆರೆ ಅಲ್ಲಲ್ಲಿ ತಡವರಿಸುತ್ತದೆ.

ಬೆಲೆ ಹೇಗೆ ಲೆಕ್ಕ ಹಾಕುತ್ತಾರೆ?

ತುಂಬ ಕಲಾವಿದರು ಚದರ ಇಂಚಿಗೆ ಇಷ್ಟು ಅಂತ ಇಟ್ಟುಕೊಂಡಿರುತ್ತಾರೆ. 18 ಇಂಚು, 24 ಇಂಚಿನ ಚಿತ್ರ ಅಂದರೆ 432 ಚದರ ಇಂಚು. ಇಂಚಿಗೆ 20 ರೂಪಾಯಿ ಇದ್ದರೆ 8,640 ರೂಪಾಯಿ. ಅದೇ ದರದಲ್ಲಿ 12, 16 ಇಂಚಿನದ್ದು 3,840. ಹೊಸಬರ ದರ ಕಡಿಮೆ, ಹೆಸರು ಮಾಡಿದವರದ್ದು ಎಷ್ಟೋ ಪಟ್ಟು ಜಾಸ್ತಿ. ಸಾಮಾನ್ಯವಾಗಿ ಕ್ಯಾನ್ವಾಸಿಗಿಂತ ಕಾಗದದ ಕೆಲಸ ಅಗ್ಗ. ಗ್ಯಾಲರಿಯಲ್ಲಿ ಕೊಂಡರೆ ಅವರ ಕಮಿಷನ್ನೂ ಬೆಲೆಯಲ್ಲಿ ಸೇರಿರುತ್ತದೆ, ಮೂರನೇ ಒಂದರಿಂದ ಅರ್ಧದವರೆಗೂ ಇರಬಹುದು. ಅವರು ಜಾಗ ಕೊಟ್ಟು, ಕಲಾವಿದರನ್ನು ಆರಿಸಿ, ಬಿಲ್ಲು ಕೊಟ್ಟು ಜವಾಬ್ದಾರಿ ತೆಗೆದುಕೊಳ್ಳುತ್ತಾರಲ್ಲ, ಅದಕ್ಕೆ ಆ ಹಣ.

ಚಿತ್ರಗಳ ಮೇಲಿನ ಜಿಎಸ್‌ಟಿ 12ರಿಂದ 5 ಶೇಕಡಾಕ್ಕೆ ಇಳಿದಿದೆ, 2025ರ ಸೆಪ್ಟೆಂಬರ್ 22ರಿಂದ. ಗ್ಯಾಲರಿಯ ಬಿಲ್ಲಿನಲ್ಲಿ ಹಳೆ ದರ ಇದ್ದರೆ ಕೇಳಿ.

ಬಜೆಟ್ ಇಡುವಾಗ ಚಿತ್ರಕ್ಕೆ ಮಾತ್ರ ಇಡಬೇಡಿ. ಕೈಯಲ್ಲಿ ಹತ್ತು ಸಾವಿರ ಇದ್ದರೆ ಏಳು ಚಿತ್ರಕ್ಕೆ, ಮೂರು ಫ್ರೇಮಿಗೆ ಮತ್ತು ಸಾಗಾಟಕ್ಕೆ. ಹಣ ಸಾಲದಿದ್ದರೆ ಎರಡು ಮೂರು ಕಂತಿನಲ್ಲಿ ಕೊಡಬಹುದಾ ಅಂತ ನೇರವಾಗಿ ಕೇಳಿ, ತುಂಬ ಮಂದಿ ಒಪ್ಪುತ್ತಾರೆ. ಮುಂದೆ ಬೆಲೆ ಏರುತ್ತದೆ ಅಂತ ಯಾರಾದರೂ ಆಸೆ ಹುಟ್ಟಿಸಿದರೆ ಅದನ್ನು ಕಿವಿಗೆ ಹಾಕಿಕೊಳ್ಳಬೇಡಿ. ದಿನಾ ನೋಡಲು ಕೊಳ್ಳಿ.

ಕಾಗದಪತ್ರ

ಬಿಲ್ಲು ಬೇಕೇ ಬೇಕು. ಜೊತೆಗೆ ಕಲಾವಿದರ ಸಹಿ ಇರುವ ಒಂದು ಪತ್ರ, ಅದರಲ್ಲಿ ಚಿತ್ರದ ಹೆಸರು, ವರ್ಷ, ಅಳತೆ, ಯಾವ ಬಣ್ಣ, ಯಾವ ಕಾಗದ ಇಷ್ಟು ಇದ್ದರೆ ಸಾಕು. ಚಿತ್ರ ಕೊಟ್ಟವರ ಜೊತೆ ಚಿತ್ರ ಹಿಡಿದು ಒಂದು ಫೋಟೋ ತೆಗೆಸಿಕೊಳ್ಳಿ.

ಒಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ಬಿಡಿಸಿಟ್ಟಿದ್ದ ಚಿತ್ರ ಕೊಂಡರೆ ಚಿತ್ರ ನಿಮ್ಮದಾಗುತ್ತದೆ, ಅದರ ಕಾಪಿರೈಟ್ ಕಲಾವಿದರಲ್ಲೇ ಉಳಿಯುತ್ತದೆ. ಮಗಳ ಮದುವೆ ಕಾಗದದ ಮೇಲೆ, ಅಂಗಡಿಯ ಕ್ಯಾಲೆಂಡರಿನಲ್ಲಿ ಅದನ್ನು ಅಚ್ಚುಹಾಕಿಸಬೇಕಾದರೆ ಅವರನ್ನು ಕೇಳಬೇಕು. ಹಣ ಕೊಟ್ಟು, ಹೇಳಿ ಬಿಡಿಸಿಕೊಂಡ ಚಿತ್ರಕ್ಕೆ ಬೇರೆ ನಿಯಮ. ಬೇರೆ ಒಪ್ಪಂದ ಇಲ್ಲದಿದ್ದರೆ ಅದರ ಹಕ್ಕು ಬಿಡಿಸಿಕೊಂಡವರದ್ದು, 1957ರ ಕಾಪಿರೈಟ್ ಕಾಯ್ದೆಯಲ್ಲೇ ಇದೆ.

ಅಜ್ಜ ಅಜ್ಜಿಯ ಹಳೆ ಫೋಟೋ ಕೊಟ್ಟು ಚಿತ್ರ ಮಾಡಿಸುವವರು ಸ್ಕೆಚ್ ಮೊದಲು ನೋಡಿ, ಮೂರನೇ ಒಂದು ಪಾಲು ಅಡ್ವಾನ್ಸ್ ಕೊಡಿ, ಎಷ್ಟು ಸಲ ತಿದ್ದಿಸಬಹುದು ಮತ್ತು ಯಾವ ದಿನಕ್ಕೆ ಕೊಡುತ್ತಾರೆ ಅಂತ ವಾಟ್ಸಾಪಿನಲ್ಲಾದರೂ ಬರೆದುಕೊಳ್ಳಿ. ತೈಲವರ್ಣ ಮಳೆಗಾಲದಲ್ಲಿ ಬೇಗ ಒಣಗುವುದಿಲ್ಲ, ಅವಸರ ಮಾಡಬೇಡಿ.

ಹಳೆ ಮೊಗ, ಹಳೆ ಮೂರ್ತಿ ಅಂತ ಯಾರಾದರೂ ಬಂದರೆ

ಬೇಡ ಅಂತ ಹೇಳಿ ಕಳಿಸಿ. ನಮ್ಮ ಕಡೆ ಇದನ್ನು ಗಟ್ಟಿಯಾಗಿ ಹೇಳಲೇಬೇಕು. ಭೂತದ ಮೊಗ (ದೈವದ ಮುಖವಾಡ), ಕಂಚಿನ ದೀಪ, ಓಲೆಗರಿಯ ಕಟ್ಟು ಇವುಗಳನ್ನು ಅಲಂಕಾರಕ್ಕೆ ಅಂತ ಮಾರಲು ಬರುತ್ತಾರೆ. ನೂರು ವರ್ಷ ದಾಟಿದ ಮೂರ್ತಿ, ಚಿತ್ರ, ಕೆತ್ತನೆಗಳು 1972ರ ಪ್ರಾಚ್ಯವಸ್ತು ಕಾಯ್ದೆಯ ಕೆಳಗೆ ಬರುತ್ತವೆ, ಬೆಲೆಬಾಳುವ ಹಸ್ತಪ್ರತಿಗಳಿಗೆ 75 ವರ್ಷ. ಮಾರುವವರಿಗೆ ಲೈಸೆನ್ಸ್ ಬೇಕು, ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ಕಾನೂನು ಒಂದು ಕಡೆ ಇರಲಿ. ಒಂದು ದೈವದ ಭಂಡಾರದಿಂದ ಹೋದ ಮೊಗ ಯಾರ ಮನೆಯ ಗೋಡೆಯಲ್ಲೂ ಇರಬಾರದು. ಅಂಥ ರೂಪವೇ ಇಷ್ಟವಾದರೆ ಇವತ್ತಿನ ಕುಶಲಕರ್ಮಿಗಳ ಹತ್ತಿರ ಹೊಸದು ಮಾಡಿಸಿ, ಬಿಲ್ಲು ತೆಗೆದುಕೊಳ್ಳಿ.

ಗಲ್ಫಿನಲ್ಲಿರುವ ತಮ್ಮನಿಗೋ ಮಗಳಿಗೋ ಹೊಸ ಚಿತ್ರ ಕಳಿಸುವುದಾದರೆ ಬಿಲ್ಲಿನ ಪ್ರತಿ ಜೊತೆಗಿರಲಿ. ಹಳೆಯದರ ಹಾಗೆ ಕಾಣುವ ವಸ್ತುವಾದರೆ ಇದು ಪ್ರಾಚ್ಯವಸ್ತು ಅಲ್ಲ ಅನ್ನುವ ಪ್ರಮಾಣಪತ್ರವನ್ನು ಪುರಾತತ್ವ ಇಲಾಖೆಯಿಂದ ಮೊದಲೇ ಮಾಡಿಸಿ.

ಮನೆಗೆ ತರುವುದು

ಕ್ಯಾನ್ವಾಸನ್ನು ಚೌಕಟ್ಟಿನಿಂದ ಬಿಚ್ಚಿ ಸುರುಳಿ ಮಾಡುವುದಾದರೆ ಬಣ್ಣದ ಬದಿ ಹೊರಗೆ ಬರುವ ಹಾಗೆ ಸುತ್ತಬೇಕು. ಒಳಗೆ ಬಂದರೆ ಬಣ್ಣ ಒತ್ತಿ ಸುಕ್ಕಾಗಿ ಬಿರುಕು ಬಿಡುತ್ತದೆ. ದಪ್ಪ ಕೊಳವೆ ಒಳ್ಳೆಯದು. ಬಬಲ್ ಶೀಟ್ ಬಣ್ಣಕ್ಕೆ ನೇರ ತಾಗಬಾರದು, ಗುಳ್ಳೆಗಳ ಗುರುತು ಬಿದ್ದರೆ ಹೋಗುವುದಿಲ್ಲ. ಮೊದಲು ಬಟರ್ ಪೇಪರ್, ಆಮೇಲೆ ಬಬಲ್ ಶೀಟ್, ಆಮೇಲೆ ರಟ್ಟು. ಬೆಂಗಳೂರಿನಿಂದ ರೈಲಿನಲ್ಲಿ ತರುವಾಗ ಮೇಲಿನ ಬರ್ತಿನಲ್ಲಿ ನನ್ನ ಪಕ್ಕದಲ್ಲೇ ಮಲಗಿಸಿಕೊಂಡು ಬರುತ್ತೇನೆ.

ಫ್ರೇಮು: ನಾನು ಚಿತ್ರ ಕಳೆದುಕೊಂಡ ಜಾಗ

ನನ್ನ ಮೊದಲ ಚಿತ್ರ ಚಿತ್ರಸಂತೆಯಲ್ಲಿ ಕೊಂಡ ಜಲವರ್ಣ. ಗದ್ದೆ, ಬದು, ದೂರದಲ್ಲಿ ಒಬ್ಬಳು ಹೆಂಗಸು. ಊರಿಗೆ ತಂದು ಹತ್ತಿರದ ಒಂದು ಅಂಗಡಿಗೆ ಕೊಟ್ಟೆ. ಅವರು ಗಾಜನ್ನು ಕಾಗದಕ್ಕೆ ನೇರ ತಾಗಿಸಿ, ಹಿಂದೆ ಹಾರ್ಡ್‌ಬೋರ್ಡ್ ಕೊಟ್ಟು, ಕಂದು ಟೇಪು ಹಚ್ಚಿ ಕೊಟ್ಟರು. ನೋಡಲು ಚಂದ ಇತ್ತು. ಪಡುವಣ ಗೋಡೆಗೆ ಹಾಕಿದೆ. ಎರಡನೇ ಆಟಿಯಲ್ಲಿ ಆಕಾಶದಲ್ಲಿ ಚಾಯದ ಬಣ್ಣದ ಚುಕ್ಕಿಗಳು ಕಂಡವು. ಬಿಚ್ಚಿದಾಗ ಗದ್ದೆಯ ಹಸಿರು ಗಾಜಿಗೆ ಅಂಟಿಕೊಂಡು ಎದ್ದು ಬಂತು. ಆ ಹೆಂಗಸು ಇದ್ದ ಜಾಗದಲ್ಲಿ ಬರೀ ಬಿಳಿ ಕಾಗದ. ಈಗಲೂ ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಹಾಗಾಗಿ ಫ್ರೇಮಿನ ಅಂಗಡಿಯಲ್ಲಿ ಇಷ್ಟನ್ನು ಬಾಯಿಬಿಟ್ಟು ಹೇಳಿ. ಕಾಗದದ ಚಿತ್ರಕ್ಕೂ ಗಾಜಿಗೂ ನಡುವೆ ಜಾಗ ಇರಬೇಕು, ಅದಕ್ಕೆ ದಪ್ಪ ಮೌಂಟ್ ಬೋರ್ಡು (ಚಿತ್ರದ ಸುತ್ತ ಅಂಚಿನ ಹಾಗೆ ಕೂರುವ ರಟ್ಟು) ಹಾಕಿಸಿ, ಅದು ಆಸಿಡ್ ಫ್ರೀ, ಅಂದರೆ ಕಾಗದವನ್ನು ಹಾಳುಮಾಡುವ ಆಮ್ಲ ಇಲ್ಲದ್ದು ಆಗಿರಲಿ. ಹಾರ್ಡ್‌ಬೋರ್ಡ್ ಅಥವಾ ಪ್ಲೈವುಡ್ ಚಿತ್ರದ ಬೆನ್ನಿಗೆ ತಾಗಬಾರದು, ನಡುವೆ ಇನ್ನೊಂದು ಆಸಿಡ್ ಫ್ರೀ ಬೋರ್ಡು ಬೇಕು. ಚಿತ್ರವನ್ನು ಗೋಂದಿನಿಂದ ಪೂರ್ತಿ ಅಂಟಿಸಬಾರದು, ಮೇಲಂಚಿನಲ್ಲಿ ಎರಡು ಕಡೆ ಮಾತ್ರ ಹಿಡಿಸಿದರೆ ತೇವಕ್ಕೆ ಕಾಗದ ಹಿಗ್ಗಲು ಕುಗ್ಗಲು ಜಾಗ ಇರುತ್ತದೆ. ಸೆಲ್ಲೋಟೇಪು ಬೇಡವೇ ಬೇಡ. ಅಂಗಡಿಯವರು "ಎಲ್ಲರಿಗೂ ಹೀಗೇ ಮಾಡೋದು" ಅನ್ನುತ್ತಾರೆ. ಆಸಿಡ್ ಫ್ರೀ ಬೋರ್ಡು ಅವರಲ್ಲಿ ಇಲ್ಲದಿದ್ದರೆ ಮಂಗಳೂರಿನಿಂದಲೋ ಆನ್‌ಲೈನಿನಲ್ಲೋ ನೀವೇ ತರಿಸಿ ಕೊಡಿ.

ಕ್ಯಾನ್ವಾಸ್ ಮೇಲಿನ ತೈಲವರ್ಣ, ಅಕ್ರಿಲಿಕ್‌ಗೆ ಗಾಜು ಬೇಡ, ಗಾಳಿಯಾಡಲಿ. ನಮ್ಮ ಹವೆಗೆ ಕಾಗದಕ್ಕಿಂತ ಇವು ಗಟ್ಟಿ. ಒಂದೇ ಚಿತ್ರ ಕೊಳ್ಳುವವರಿಗೆ ನಾನು ಅಕ್ರಿಲಿಕ್ಕನ್ನೇ ಹೇಳುವುದು.

ಫ್ರೇಮಿನ ಮರಕ್ಕೆ ಒರಲೆ (ಗೆದ್ದಲು) ಹಿಡಿಯುತ್ತದೆ. ಅಗ್ಗದ ಬಿಳಿ ಮರ ಬೇಡ. ನಮ್ಮ ತೋಟದ ಹಲಸಿನ ಮರ ಇದ್ದರೆ ಆಚಾರಿಯ ಹತ್ತಿರ ಪಟ್ಟಿ ಮಾಡಿಸಿ, ಹಲಸಿಗೆ ಒರಲೆ ಸುಲಭಕ್ಕೆ ಬರುವುದಿಲ್ಲ, ಹಳದಿ ಬಣ್ಣವೂ ಚಂದ.

ತೂಗುಹಾಕುವುದು

ನೆಲದಿಂದ ಚಿತ್ರದ ನಡುಮಧ್ಯಕ್ಕೆ 57ರಿಂದ 60 ಇಂಚು, ನಿಂತವರ ಕಣ್ಣಿನ ಮಟ್ಟ ಅದು. ನಮ್ಮಲ್ಲಿ ಬಾಗಿಲಿನ ಮೇಲೆ, ಮಾಡಿಗೆ ತಾಗುವಷ್ಟು ಮೇಲೆ ಹಾಕಿಬಿಡುತ್ತಾರೆ, ಹಿರಿಯರ ಫೋಟೋ ಹಾಕಿದ ಅಭ್ಯಾಸ. ಚಿತ್ರವನ್ನು ಕೆಳಗೆ ಇಳಿಸಿ.

ಮುರಕಲ್ಲಿನ ಗೋಡೆಗೆ ಬರೀ ಮೊಳೆ ಹೊಡೆದರೆ ಗಾರೆ ಉದುರುತ್ತದೆ. ಡ್ರಿಲ್ ಮಾಡಿ, ಪ್ಲಾಸ್ಟಿಕ್ ಪ್ಲಗ್ ಹಾಕಿ, ಸ್ಕ್ರೂ ಕೂರಿಸಿ. ತುಕ್ಕು ಹಿಡಿಯದ ಸ್ಟೀಲ್ ಸ್ಕ್ರೂ ಆದರೆ ಒಳ್ಳೆಯದು. ಫ್ರೇಮಿನ ಹಿಂಬದಿ ಕೆಳಗಿನ ಎರಡು ಮೂಲೆಗೆ ರಬ್ಬರಿನ ಅಥವಾ ಬಾಟ್ಲಿ ಬಿರಡೆಯ ತುಂಡು ಅಂಟಿಸಿ. ಅರ್ಧ ಇಂಚು ಸಂದು ಸಿಕ್ಕಿ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಆಡುತ್ತದೆ. ಖರ್ಚು ಹತ್ತು ರೂಪಾಯಿ ಇಲ್ಲ, ನಮ್ಮ ಮಳೆಗೆ ಇದರಷ್ಟು ಕೆಲಸ ಮಾಡುವುದು ಬೇರೆ ಇಲ್ಲ.

ಮೊದಲ ಆಟಿಯಲ್ಲಿ

ಮಳೆ ಹಿಡಿದ ಮೇಲೆ ಹದಿನೈದು ದಿನಕ್ಕೊಮ್ಮೆ ಚಿತ್ರವನ್ನು ಸ್ವಲ್ಪ ಮುಂದಕ್ಕೆ ಎತ್ತಿ ಹಿಂದೆ ಟಾರ್ಚ್ ಬಿಟ್ಟು ನೋಡಿ. ಒರಲೆಯ ಮಣ್ಣಿನ ಗೆರೆ ಇದೆಯಾ, ಗೋಡೆಯಲ್ಲಿ ಕಪ್ಪು ಚುಕ್ಕಿ ಇದೆಯಾ ಅಂತ. ಬೂಷ್ಟು ಕಂಡರೆ ಒದ್ದೆ ಬಟ್ಟೆಯಲ್ಲಿ ಉಜ್ಜಬೇಡಿ, ಅದು ಬಣ್ಣದೊಳಗೆ ಇಳಿಯುತ್ತದೆ. ಬಿಸಿಲಿಗೂ ಇಡಬೇಡಿ. ಫ್ಯಾನ್ ಇರುವ ಒಣ ಕೋಣೆಯಲ್ಲಿ ನೆರಳಲ್ಲಿ ಎರಡು ಮೂರು ದಿನ ಇಟ್ಟು, ಹುಡಿ ಹುಡಿಯಾದ ಮೇಲೆ, ಮೂಗಿಗೆ ಮಾಸ್ಕ್ ಹಾಕಿಕೊಂಡು, ಮೆತ್ತನೆಯ ಒಣ ಬ್ರಷ್ಷಿನಿಂದ ಅಂಗಳದಲ್ಲಿ ನಿಂತು ಮೆಲ್ಲನೆ ಸವರಿ. ಬಣ್ಣ ಎದ್ದು ಬರುತ್ತಿದೆ ಅನಿಸಿದರೆ ಅಲ್ಲಿಗೇ ನಿಲ್ಲಿಸಿ, ಬಿಡಿಸಿದವರಿಗೆ ಫೋನ್ ಮಾಡಿ.

ಆಟಿಯ ಮುಂದಿನ ತಿಂಗಳು ಸೋಣ ಕಳೆದು ಬಿಸಿಲು ಬಂದ ಮೇಲೆ ಒಂದು ದಿನ ಎಲ್ಲವನ್ನೂ ಇಳಿಸಿ ಬೆನ್ನು ಒರೆಸಿ ಇಡುತ್ತೇನೆ. ಪಯಸ್ವಿನಿಯ ಚಿತ್ರಕ್ಕೆ ಈಗ ಆರು ಆಟಿ ಕಳೆಯಿತು. ಹೋದ ವರ್ಷ ಬೆನ್ನು ಒರೆಸುವಾಗ ಕೆಳಮೂಲೆಯಲ್ಲಿ ಪೆನ್ಸಿಲಿನಲ್ಲಿ ಬರೆದ ಒಂದು ಸಾಲು ಕಂಡಿತು, ತೆಗೆದುಕೊಳ್ಳುವಾಗ ನೋಡಿರಲಿಲ್ಲ: "ಬೆಳಗ್ಗೆ 6.20, ಮಂಜು ಏಳುವ ಮುಂಚೆ." ಮಾಷ್ಟ್ರಿಗೆ ಫೋನ್ ಮಾಡಿ ಹೇಳಿದೆ. "ಹೌದು, ಆ ದಿನ ದೋಣಿ ತಡವಾಗಿತ್ತು" ಅಂದರು.